ನಕ್ಷೆಯಲ್ಲಿ ಇರದಿದ್ದ ಖೂನ

ಮೊದಲ ದಿನ ನಮ್ಮ ಮುಂದೆ ಒಂದೊಂದು ದೊಡ್ಡ ಕಂದು ಹಾಳೆ, ಒಂದು ಕತ್ತರಿ, ಒಂದು ಪೆನ್ಸಿಲ್ ಮತ್ತು ಹಳೆಯ ಉತ್ತರಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳ ಕಟ್ಟು ಇಟ್ಟರು. ನೋಡಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. ಗಬ್ಬೂರಿನಿಂದ ಎರಡು ಬಸ್ಸು ಬದಲಿಸಿ ಧಾರವಾಡಕ್ಕೆ ಬಂದದ್ದು ಬಾಲವಾಡಿಯ ಮಕ್ಕಳ ಹಾಗೆ ಚೀಟಿ ಅಂಟಿಸುವುದಕ್ಕೇನು? ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಮ್ಮಂಥ ಇಪ್ಪತ್ತು ಜನರಿಗೆ ಹತ್ತು ದಿನಗಳ ತರಬೇತಿ ಅದು. ವಿಷಯ, ಬರವಣಿಗೆ ಕಲಿಸುವುದು. ನನಗೆ ಬರವಣಿಗೆ ಕಲಿಸುತ್ತಾರಂತೆ! ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ಸತ್ಕಾರವೆಂದರೆ, ಶಾಲು ಹೊದಿಸುವ ಮುಂಚೆ ಓದಿ ಚೌಕಟ್ಟು ಹಾಕಿಸಿ ಕೊಡುತ್ತಾರಲ್ಲ, ಆ ಬಿನ್ನವತ್ತಳೆಗಾಗಿ ಜನ ಹುಡುಕಿಕೊಂಡು ಬರುವುದು ನನ್ನ ಬಳಿಗೆ. ‘ಸರ್, ಐತವಾರ ಕಾರ್ಯಕ್ರಮ ಐತ್ರಿ, ಒಂದ ಛಲೋ ಬಿನ್ನವತ್ತಳಿ ಬರದ ಕೊಡ್ರಿ’ ಎಂದು ಫೋನು ಬಂದರೆ ಒಂದು ಬಿಡುವಿನ ಪೀರಿಯಡ್ಡು ಸಾಕಿತ್ತು ನನಗೆ.

ತರಬೇತಿ ಕೊಡಲು ಬಂದಿದ್ದವರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಒಬ್ಬ ಹೆಣ್ಣುಮಗಳು. ಧಾರವಾಡದವರೇ. ದನಿ ಎತ್ತುತ್ತಿರಲಿಲ್ಲ, ಆದರೆ ಹಿಡಿದದ್ದನ್ನು ಬಿಡುತ್ತಲೂ ಇರಲಿಲ್ಲ.

‘ನೋಡ್ರಿ, ಎಲ್ಲಾರೂ ವರ್ಷಾನುಗಟ್ಲೆ ಬರವಣಿಗಿ ಕಲಿಸೀರಿ. ಅಂದಮ್ಯಾಲ ಬರವಣಿಗಿ ಅಂದ್ರ ಏನು ಅಂತ ನಿಮ್ಮ ತಲಿಯೊಳಗ ಒಂದು ಸಿದ್ಧಾಂತ ಇದ್ದೇ ಇರ್ತದ. ಅದನ್ನ ಹೊರಗ ತಗದು ಈ ಹಾಳಿ ಮ್ಯಾಲ ಇಡ್ರಿ. ಪುಸ್ತಕದಾಗಿಂದು ಬ್ಯಾಡ್ರಿ, ನಿಮ್ಮದ ಬೇಕು’ ಎಂದರು.

ಇದಕ್ಕೆ ಪರಿಕಲ್ಪನಾ ನಕ್ಷೆ ಎಂದು ಹೆಸರು. ರೀತಿ ಹೀಗೆ. ಹಾಳೆಯ ನೆತ್ತಿಯ ಮೇಲೆ ಒಂದು ಪ್ರಶ್ನೆ ಬರೆಯಬೇಕು. ನಮ್ಮೆಲ್ಲರಿಗೂ ಕೊಟ್ಟ ಪ್ರಶ್ನೆ, ‘ನಾನು ಬರೆಯುವಾಗ ನಿಜವಾಗಿ ಏನು ನಡೆಯುತ್ತದೆ?’ ಎಂಬುದು. ಆಮೇಲೆ ತಲೆಗೆ ಬಂದ ಇಪ್ಪತ್ತು ಮಾತುಗಳನ್ನು ಚೀಟಿಗೆ ಒಂದರಂತೆ ಬರೆಯಬೇಕು. ದೊಡ್ಡ ಮಾತು ಮೇಲೆ, ಸಣ್ಣ ಮಾತು ಕೆಳಗೆ. ಚೀಟಿಯಿಂದ ಚೀಟಿಗೆ ಬಾಣ ಎಳೆದು ಬಾಣದ ಮೇಲೆ ಒಂದು ಕ್ರಿಯಾಪದ ಹಾಕಬೇಕು. ಎರಡು ಚೀಟಿ, ನಡುವೆ ಬಾಣ, ಮೂರನ್ನೂ ಕೂಡಿಸಿ ಓದಿದರೆ ನಾವು ಎದೆ ಮುಟ್ಟಿ ಹೇಳಬಲ್ಲ ಒಂದು ವಾಕ್ಯವಾಗಬೇಕು. ಚೀಟಿಗಳನ್ನು ಸರಿಸುವುದು ಇದ್ದೇ ಇರುತ್ತದೆಂದು ಕೊನೆಯವರೆಗೂ ಗೋಂದು ಹಚ್ಚುವಂತಿರಲಿಲ್ಲ.

ನಾನು ಅರ್ಧ ಗಂಟೆಯಲ್ಲಿ ಮುಗಿಸಿ ಕೈಕಟ್ಟಿ ಕುಳಿತೆ. ಮೇಲೆ ‘ಬರವಣಿಗೆ’. ಅದರ ಕೆಳಗೆ ಶುದ್ಧಿ, ಶೈಲಿ, ಪದಸಂಪತ್ತು, ಅಲಂಕಾರ, ಗಾದೆ, ಪೀಠಿಕೆ, ಉಪಸಂಹಾರ, ಅಭ್ಯಾಸ, ಪ್ರತಿಭೆ ಎಂದು ಸಾಲಾಗಿ ಇಳಿಯುತ್ತಿದ್ದವು. ಇಪ್ಪತ್ತು ತುಂಬಲಿಲ್ಲವೆಂದು ಕೊನೆಗೆ ‘ಓದುಗ’ ಎಂಬ ಚೀಟಿಯನ್ನೂ ಬರೆದು ಕೆಳಗಿನ ಮೂಲೆಯಲ್ಲಿ ಇಟ್ಟೆ. ನನ್ನ ಮಗ್ಗುಲಿಗೆ ಕುಳಿತಿದ್ದವರು ಅಮ್ಮಿನಬಾವಿಯ ಸಾಲಿಯ ಮಾಸ್ತರರು, ನನ್ನ ಬಿ.ಎಡ್. ಕಾಲದ ಗೆಳೆಯ. ಬಗ್ಗಿ ನನ್ನ ಬಾಣಗಳ ಮೇಲೆ ಕಣ್ಣಾಡಿಸಿ ಹುಬ್ಬೇರಿಸಿದರು.

‘ಏನೋ ಮಾರಾಯಾ, ಬರವಣಿಗೆಗೆ ಶುದ್ಧಿ ಬೇಕು, ಬರವಣಿಗೆಗೆ ಶೈಲಿ ಬೇಕು, ಬರವಣಿಗೆಗೆ ಗಾದೆ ಬೇಕು. ಎಲ್ಲಾ ಬಾಣದ ಮ್ಯಾಲೂ ಬೇಕು ಬೇಕು. ಕಿರಾಣಿ ಅಂಗಡಿ ಚೀಟಿ ಬರದೀ ಏನು?’

ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ಕೆಂದಿತು.

ಎರಡನೆಯ ದಿನ ತರಬೇತಿಯ ಮೇಡಂ ಇನ್ನೊಂದು ಪ್ರಶ್ನೆ ತಂದರು. ಈ ಸಿದ್ಧಾಂತ ನಿಮ್ಮೊಳಗೆ ಯಾವಾಗ ಹುಟ್ಟಿತು, ಒಂದು ಘಟನೆ ಹೇಳಿ ಎಂದು. ನನಗೆ ಯೋಚಿಸುವ ಕಾರಣವೇ ಇರಲಿಲ್ಲ. ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳಿ ಹುಡುಗರನ್ನು ನಗಿಸುವ ಕಥೆ ಅದು. ಹದಿನಾರು ವಯಸ್ಸಿನಲ್ಲಿ ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ಊರಿಂದ ಅಕ್ಕನ ಪತ್ರ ಬಂದಿತ್ತು. ಅದನ್ನು ಓದಿ, ಕೆಂಪು ಶಾಯಿಯಲ್ಲಿ ತಿದ್ದಿ, ಬೇಡದ ಸಾಲನ್ನು ಹೊಡೆದು ‘ಅನವಶ್ಯಕ’ ಎಂದು ಅಂಚಿನಲ್ಲಿ ಬರೆದು, ತಂದವರ ಕೈಯಲ್ಲೇ ವಾಪಸು ಕಳಿಸಿದ್ದೆ. ‘ಅಂದಿನಿಂದ ಇಂದಿನ ತನಕ ಬರವಣಿಗೆಯ ವಿಷಯದಲ್ಲಿ ನಾನು ಒಡಹುಟ್ಟಿದವರನ್ನೂ ಬಿಟ್ಟವನಲ್ಲ’ ಎಂದು ನಾಟಕೀಯವಾಗಿ ಮುಗಿಸಿದೆ. ಇಪ್ಪತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಮಾತ್ರ ನಗಲಿಲ್ಲ. ‘ಕೆಂಪು ಶಾಯಿ ಅಂತ ಒಂದು ಚೀಟಿ ಬರೀರಿ ಸರ್, ನಕ್ಷೆಯೊಳಗ ಜಾಗಾ ಕೊಡ್ರಿ’ ಎಂದರು. ನಾನು ಹೆಮ್ಮೆಯಿಂದ ಬರೆದು ಶುದ್ಧಿಯ ಪಕ್ಕದಲ್ಲಿ, ಮೇಲಿನ ಸಾಲಿನಲ್ಲೇ ಕೂಡಿಸಿದೆ.

ನಾಲ್ಕನೆಯ ದಿನದ ಕೆಲಸ ಸಾಕ್ಷಿ ಹುಡುಕುವುದು. ನಕ್ಷೆಯ ಪ್ರತಿಯೊಂದು ವಾಕ್ಯಕ್ಕೂ ನಾವೇ ಬರೆದ ಯಾವುದಾದರೂ ಬರಹದಿಂದ ಆಧಾರ ತೋರಿಸಬೇಕು. ಆಧಾರ ಸಿಗದ ಬಾಣವನ್ನು ಅಳಿಸಿ, ಪೆನ್ಸಿಲ್ಲಿನಿಂದ ಚುಕ್ಕಿಚುಕ್ಕಿಯಾಗಿ ಎಳೆಯಬೇಕು. ನಾನು ನನ್ನ ಉದ್ದನೆಯ ರಿಜಿಸ್ಟರನ್ನೇ ಹೊತ್ತುಕೊಂಡು ಹೋಗಿದ್ದೆ. ಇಷ್ಟು ವರ್ಷಗಳಲ್ಲಿ ಬರೆದ ಬಿನ್ನವತ್ತಳೆಗಳ ನಕಲು ಎಲ್ಲ ಅದರಲ್ಲಿವೆ. ಮೇಡಂ ಅದನ್ನು ತಿರುವಿ ಹಾಕಿ, ಎಂಟು ಬಿನ್ನವತ್ತಳೆ ಆರಿಸಿ ಝೆರಾಕ್ಸ್ ಮಾಡಿಸಿಕೊಂಡು ಬಂದರು. ಹೆಸರು, ಊರು, ಹುದ್ದೆ ಇದ್ದ ಕಡೆಯೆಲ್ಲ ಕಾಗದದ ಪಟ್ಟಿ ಅಂಟಿಸಿದ್ದರು.

‘ಅಮ್ಮಿನಬಾವಿ ಸರ್ ಓದ್ತಾರ. ಯಾರ ಬಿನ್ನವತ್ತಳಿ ಅಂತ ನೀವು ಹೇಳಬೇಕ್ರಿ.’

‘ನಾ ಬರದದ್ದು ನನಗ ಗೊತ್ತಾಗೂದಿಲ್ಲೇನ್ರಿ?’ ಎಂದೆ, ಕೊಂಚ ಬಿರುಸಾಗಿಯೇ.

ಮೊದಲನೆಯದು ಗರಡಿಯ ಉಸ್ತಾದರದು. ಕೆಂಪು ಮಣ್ಣಿನ ಮಾತು ಬಂದಿತ್ತು, ಸರಿಯಾಗಿ ಹೇಳಿದೆ. ಎರಡನೆಯದು ಡಾಕ್ಟರರದು, ನಾಡಿ ಹಿಡಿದವರೆಂದು ಬರೆದಿದ್ದೆ, ಅದನ್ನೂ ಹೇಳಿದೆ. ಮೂರನೆಯದು ಪ್ರಿನ್ಸಿಪಾಲರದು ಎಂದೆ. ಪಟ್ಟಿ ಕಿತ್ತರೆ ಸೊಸೈಟಿಯ ಸೆಕ್ರೆಟರಿಯದು. ನಾಲ್ಕನೆಯದೂ ತಪ್ಪಿತು. ಐದನೆಯದೂ. ಮೊದಮೊದಲು ನಗುತ್ತಿದ್ದ ಸುತ್ತಲಿನವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಆರು, ಏಳು ಕೂಡ ತಪ್ಪಿದವು.

ಎಂಟನೆಯದನ್ನು ಅಮ್ಮಿನಬಾವಿಯ ಗೆಳೆಯರು ನಿಧಾನವಾಗಿ ಓದಿದರು. ‘ತಾವು ದುಡಿಮೆಯೇ ದೇವರೆಂದು ನಂಬಿ ನಡೆದವರು. ಗಂಧದ ಕೊರಡಿನಂತೆ ತಮ್ಮನ್ನು ತೇಯ್ದುಕೊಂಡು ಸಂಸ್ಥೆಗೆ ಪರಿಮಳ ತಂದವರು. ಶಿಸ್ತು, ಸಮಯಪಾಲನೆ, ಸರಳತೆಗಳ ತ್ರಿವೇಣಿ ಸಂಗಮವೇ ತಾವು.’

ಸಮಯಪಾಲನೆ ಎಂದ ಕೂಡಲೇ ನನಗೆ ನಂಬಿಕೆ ಬಂತು. ‘ಬ್ಯಾಂಕ್ ಮ್ಯಾನೇಜರರದು. ಖರೇ ಅಂದ್ರ ಖರೇ. ಇದು ತಪ್ಪಂಗಿಲ್ಲ’ ಎಂದೆ.

ಗೆಳೆಯರು ಪಟ್ಟಿ ಕಿತ್ತರು. ನೋಡಿದರು. ಅವರ ಮುಖ ಒಂದು ನಮೂನೆ ಆಯಿತು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿದ್ದದ್ದು ನನ್ನ ಅಕ್ಕನ ಹೆಸರು.

ಹಾಂ! ನನ್ನ ಅಕ್ಕ! ಗರಗದ ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚರಕದ ಮುಂದೆ ಕುಳಿತು ನೂತ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಸಾಲಿಗೆ ಕಳಿಸಿದ ಅಕ್ಕ. ಮೂರು ವರ್ಷದ ಹಿಂದೆ ಅವಳು ಕೆಲಸ ಬಿಟ್ಟಾಗ ಕೇಂದ್ರದವರು ‘ನಿಮ್ಮ ಅಕ್ಕಾರದು ನೀವ ಬರೀಬೇಕ್ರಿ’ ಎಂದಿದ್ದರು. ಸ್ಟಾಫ್ ರೂಮಿನಲ್ಲಿ ಕುಳಿತು ನಲವತ್ತು ನಿಮಿಷದಲ್ಲಿ ಬರೆದಿದ್ದೆ. ವೇದಿಕೆಯ ಮೇಲೆ ನಾನೇ ಓದಿದ್ದೆ. ಓದುವಾಗ ಅವಳು ನಕ್ಕಿದ್ದಳು, ಭಾವುಕಳಾಗಿದ್ದಾಳೆ ಎಂದುಕೊಂಡಿದ್ದೆ. ಅದನ್ನೇ ಈಗ ಬ್ಯಾಂಕ್ ಮ್ಯಾನೇಜರರದು ಎಂದು ಇಪ್ಪತ್ತು ಜನರ ಮುಂದೆ ಆಣೆ ಮಾಡಿದವನಂತೆ ಹೇಳಿದ್ದೆ.

ಗೆಳೆಯರು ಮೆಲ್ಲಗೆ, ‘ಮಾರಾಯಾ, ಇದ್ರಾಗ ನೂಲು ಅನ್ನೂ ಒಂದ ಶಬ್ದನೂ ಇಲ್ಲಲ್ಲೋ’ ಎಂದರು.

ಆ ಮಾತಿಗೆ ನಾನು ಭುಗಿಲೆದ್ದೆ. ‘ನೂಲು ಬರದ್ರ ಏನಾಗ್ತಿತ್ತು? ನೀವೇನು ನನ್ನ ಪರೀಕ್ಷಾ ತಗೋಳಾಕ ಬಂದೀರೇನು? ಇದೆಲ್ಲಾ ಹುಡುಗಾಟಗಿ!’ ಎಂದು ರಿಜಿಸ್ಟರು ಬಗಲಿಗೆ ಹಾಕಿಕೊಂಡು ಹೊರಗೆ ಬಂದುಬಿಟ್ಟೆ. ಗೇಟಿನ ಆಚೆ ಚಹಾದಂಗಡಿಯ ಬಾಕಿನ ಮೇಲೆ ಕುಳಿತು ಅಲ್ಲೇ ತೆರೆದು ನೋಡಿದೆ. ನಿಜವೇ. ಚರಕವಿಲ್ಲ, ಹತ್ತಿಯಿಲ್ಲ, ಗರಗವಿಲ್ಲ. ಬೇರೆ ಬಿನ್ನವತ್ತಳೆಗಳನ್ನೂ ತಿರುವಿದೆ. ಗಂಧದ ಕೊರಡು ಎಲ್ಲ ಕಡೆ ಇತ್ತು. ತ್ರಿವೇಣಿ ಸಂಗಮ ಎಲ್ಲ ಕಡೆ ಹರಿಯುತ್ತಿತ್ತು. ನಲವತ್ತಕ್ಕೂ ಮೇಲ್ಪಟ್ಟ ಮಂದಿಗೆ ನಾನು ಒಂದೇ ಅಂಗಿ ಹೊಲಿದುಕೊಟ್ಟಿದ್ದೆ. ತಂದಿಟ್ಟ ಚಹಾ ಕೆನೆಗಟ್ಟಿತು, ಕುಡಿಯಲಾಗಲಿಲ್ಲ.

ಮರುದಿನ ತರಬೇತಿಗೆ ಹೋಗಬಾರದೆಂದೇ ಇದ್ದೆ. ಆದರೆ ಹೋಗದಿದ್ದರೆ ವರದಿಯಾಗುತ್ತದೆ ಎಂಬ ನೌಕರಿಯ ಹೆದರಿಕೆ ಕರೆದುಕೊಂಡು ಹೋಯಿತು. ಮೇಡಂ ಹಿಂದಿನ ದಿನದ ಮಾತೇ ತೆಗೆಯಲಿಲ್ಲ. ನನ್ನ ನಕ್ಷೆಯ ಮುಂದೆ ಬಂದು ನಿಂತರು. ಆ ಹೊತ್ತಿಗೆ ನಾನು ಎಲ್ಲ ಬಾಣಗಳನ್ನೂ ಅಳಿಸಿ ಚುಕ್ಕಿ ಹಾಕಿದ್ದೆ. ಇಡೀ ಹಾಳೆಯಲ್ಲಿ ಗಟ್ಟಿ ಗೆರೆ ಒಂದೂ ಉಳಿದಿರಲಿಲ್ಲ.

‘ಭಾಳ ಸಿಟ್ಟಿನಾಗ ಅಳಿಸೀರಿ ಸರ್. ಹಾಳಿ ತೂತು ಬಿದ್ದದ’ ಎಂದರು. ಆಮೇಲೆ, ‘ಹಾಳಿ ಬ್ಯಾರೇದು ಕೊಡ್ತೀನ್ರಿ. ಆದ್ರ ಒಬ್ರ ಕೂತು ತುಂಬಬ್ಯಾಡ್ರಿ. ಯಾರ ಬಗ್ಗೆ ಬರದ್ರೋ ಅವರನ್ನೊಮ್ಮೆ ಕೇಳ್ರಿ’ ಎಂದರು.

ಭಾನುವಾರ ಚೀಟಿಗಳ ಕಟ್ಟು ಕಿಸೆಯಲ್ಲಿಟ್ಟುಕೊಂಡು ಗರಗಕ್ಕೆ ಹೋದೆ. ಅಕ್ಕ ಮಗ-ಸೊಸೆಯರ ಜೊತೆ ಇರುತ್ತಾಳೆ. ಆ ದಿನ ಅವರಿಬ್ಬರೂ ಮಗಳನ್ನು ಕರೆದುಕೊಂಡು ಯಾವುದೋ ಮದುವೆಗೆ ಹೋಗಿದ್ದರು. ಪಡಸಾಲೆಯಲ್ಲಿ ಅಕ್ಕ ಒಬ್ಬಳೇ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ಕಂಡು, ‘ಏನೋ ತಮ್ಮಾ, ದಾರಿ ತಪ್ಪಿ ಬಂದೀ ಏನು?’ ಎಂದಳು. ನಾನು ಒಳಗೆ ಕಾಲಿಡುತ್ತಲೇ ಗೋಡೆ ನೋಡಿದೆ. ಬಿನ್ನವತ್ತಳೆಯ ಚೌಕಟ್ಟು ಅಲ್ಲೇ ಇತ್ತು. ಒಳಗಿದ್ದದ್ದು ಮೊಮ್ಮಗಳು ಓಟದ ಸ್ಪರ್ಧೆಯಲ್ಲಿ ಗೆದ್ದು ಕಪ್ಪು ಹಿಡಿದು ನಿಂತ ಫೋಟೊ.

ನಾನು ನೋಡುವುದನ್ನು ಅಕ್ಕ ನೋಡಿದಳು. ‘ಫ್ರೇಮ ಭಾಳ ಛಲೋ ಇತ್ತೋ. ಸಾಗವಾನಿ ಕಟ್ಟಿಗಿ. ನಿನ್ನ ಕಾಗದ ಒಗದಿಲ್ಲ ಮತ್ತ. ಫೋಟೊ ಅಲ್ಲಾಡಬಾರದಂತ ಹಿಂದ ಒತ್ತಿಗೆ ಇಟ್ಟೇನಿ’ ಎಂದಳು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹತ್ತಿರ ಕುಳಿತು, ನಾಲ್ಕನೆಯ ದಿನ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಬ್ಯಾಂಕ್ ಮ್ಯಾನೇಜರರ ಮಾತು ಬಂದಾಗ ಅಕ್ಕ ಶೇಂಗಾ ಸುಲಿಯುವುದನ್ನು ಬಿಟ್ಟು ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು.

‘ನಿನಗೊಬ್ಬಗ ಹಂಗ ಆತು ಅಂತ ತಿಳೀಬ್ಯಾಡ. ಅವತ್ತ ನೀ ಸ್ಟೇಜಿನ ಮ್ಯಾಲ ಓದೂಮುಂದ ನಾ ಮಗ್ಗಲದಾಕಿಗೆ ಕೇಳಿದೆ, ಮತ್ತ್ಯಾರದರ ಸತ್ಕಾರನೂ ಐತೇನ ಬೇ ಅಂತ. ಆಕಿ, ಅಯ್ಯ ಇದು ನಿಂದನ ಅಂದ್ಲು. ಅದಕ ನಗಿ ಬಂದಿತ್ತು.’

ಅಯ್ಯೋ ಶಿವನೇ. ಮೂರು ವರ್ಷ ನಾನು ಎದೆಯಲ್ಲಿಟ್ಟುಕೊಂಡು ಓಡಾಡಿದ ಆ ನಗು ಅದಾಗಿತ್ತು. ಮಾತು ಮರೆಸಲು ಕಿಸೆಯಿಂದ ಚೀಟಿ ತೆಗೆದು ನೆಲದ ಮೇಲೆ ನಕ್ಷೆ ಹಾಸಿದೆ. ಇದೇನು ಇಸ್ಪೀಟ್ ಆಟವೇ ಎಂದಳು. ನಾನು ರೀತಿ ವಿವರಿಸಿದೆ. ಅಕ್ಕ ಏಳನೆಯ ಇಯತ್ತೆ ಓದಿದವಳು. ಚಾಳೀಸು ಹಾಕಿಕೊಂಡು ಒಂದೊಂದೇ ಚೀಟಿ ಓದುತ್ತ ಹೋದಳು. ಮೂಲೆಯಲ್ಲಿದ್ದ ಓದುಗನ ಹತ್ತಿರ ಬಂದು ನಿಂತಳು.

‘ಓದೂ ಮನಷ್ಯಾ ಇಲ್ಲ್ಯಾಕ ಮೂಲ್ಯಾಗ ಕುಂತಾನ? ಕಾರ್ಡ ಹೋಗೂದ ಅಂವಗಲ್ಲೇನು?’

‘ಯಾವ ಕಾರ್ಡು?’

‘ಯಾವ ಕಾರ್ಡಾದರೂ. ನಾ ಎಷ್ಟ ಬರದಿಲ್ಲ!’

ಏನು ಬರೆದಿದ್ದೀ ಎಂದು ಕೇಳಿದೆ. ಅವಳು ಹೇಳಿದ್ದನ್ನು ಕೇಳುತ್ತ ನಾನು ಬಾಯಿ ತೆರೆದು ಕುಳಿತುಬಿಟ್ಟೆ. ಕೇಂದ್ರದಲ್ಲಿ ನೂಲುವ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಇಬ್ಬರೋ ಮೂವರೋ. ಫೋನಿಲ್ಲದ ಕಾಲ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಒಬ್ಬೊಬ್ಬರೇ ಪೋಸ್ಟ್‌ಕಾರ್ಡು ಹಿಡಿದುಕೊಂಡು ಅಕ್ಕನ ಬಳಿಗೆ ಬರುತ್ತಿದ್ದರಂತೆ. ತವರಿಗೆ, ದುಡಿಯಲು ದೂರ ಹೋದ ಗಂಡನಿಗೆ, ಕೊಟ್ಟ ಮನೆಯಲ್ಲಿದ್ದ ಮಗಳಿಗೆ. ಹದಿನೈದು ವರ್ಷ ಬರೆದಿದ್ದಾಳೆ ನನ್ನ ಅಕ್ಕ! ಅದೇ ಕಾಲದಲ್ಲಿ ನಾನು ಧಾರವಾಡದಲ್ಲಿ ಕುಳಿತು ಕನ್ನಡದಲ್ಲಿ ಎಂ.ಎ. ಮಾಡುತ್ತಿದ್ದೆ. ಬರೆಯುವವನು ನಮ್ಮ ಮನೆತನದಲ್ಲಿ ನಾನೇ ಮೊದಲಿಗ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

‘ಕಾರ್ಡಿನ ಮ್ಯಾಲ ಅಕ್ಷರ ನಂದು. ಇದು ನಮ್ಮ ಮಗಳ ಮಾತ ಅಂತ ತವರಮನ್ಯಾವ್ರಿಗೆ ಹ್ಯಾಂಗ ಗುರ್ತ ಹತ್ತಬೇಕು? ಅದಕ ಒಂದ ಖೂನ, ಗುರ್ತಿನ ಮಾತು ಕೇಳ್ತಿದ್ದೆ. ಆಕಿಗೆ ಮತ್ತ ಆ ಮನ್ಯಾವ್ರಿಗೆ ಅಷ್ಟ ಗೊತ್ತಿರೂ ಮಾತು. ಖೂನ ಕೊಡೂತನಾ ನಾ ಪೆನ್ನ ಹಚ್ತಿದ್ದಿಲ್ಲ’ ಎಂದಳು ಅಕ್ಕ.

‘ಅವ್ರು ಹೇಳ್ತಿದ್ರೇನು?’

‘ಎಲ್ಲಿ ಹೇಳ್ತಾರ! ಒಬ್ಬಾಕಿ, ಏನೂ ಇಲ್ಲವ್ವಾ, ಆರಾಮದೇನಿ ಅಂತ ಬರದಬಿಡು ಅಂದ್ಲು. ಆರಾಮದೇನಿ ಅಂತ ಎಲ್ಲಾರೂ ಬರಸ್ತಾರ, ನಿಂದೇನ ಐತಿ ಹೇಳು ಅಂತ ಕುಂತೆ. ಎರಡ ದಿನಾ ಬಿಟ್ಟ ಬಂದು ಹೇಳಿದ್ಲು. ನಮ್ಮ ತವರಮನಿ ಕಟ್ಟೀದು ಎರಡನೇ ಮೆಟ್ಟಲಾ ಅಲ್ಲಾಡತೈತಿ, ಅಪ್ಪಗ ಸಾವಕಾಶ ಇಳಿ ಅಂತ ಬರಿ ಅಂತ. ಅಷ್ಟ ಬರದೆ. ಅವರಪ್ಪ ಆ ಕಾರ್ಡ ಕಿಸೇದಾಗ ಇಟ್ಕೊಂಡು ಅಡ್ಡಾಡಿದ್ನಂತ.’

ನಾನು ಒಂದು ಖಾಲಿ ಚೀಟಿ ತೆಗೆದು ಅದರ ಮೇಲೆ ‘ಖೂನ’ ಎಂದು ಬರೆದೆ.

‘ಇದನ್ನ ನನಗ ಯಾಕ ಹೇಳಿರಲಿಲ್ಲ ಅಕ್ಕಾ?’

ಅವಳು ಮೊರದ ಶೇಂಗಾದಲ್ಲಿ ಕೈಯಾಡಿಸಿದಳು. ಆಮೇಲೆ ಸಾದಾ ದನಿಯಲ್ಲಿಯೇ ಹೇಳಿದಳು. ‘ನಿನಗೂ ಖೂನ ಇಟ್ಟ ಬರದಿದ್ದೆ. ನಮ್ಮ ಬೂದಿ ಬೆಕ್ಕು ಜ್ವಾಳದ ಚೀಲದ ಹಿಂದ ಮೂರ ಮರಿ ಹಾಕೇತಿ ಅಂತ. ಆ ಬೆಕ್ಕ ನಿನ್ನ ಹಾಸಿಗ್ಯಾಗ ಮಲಗ್ತಿತ್ತು. ನಿನಗ ಮನಿ ನೆನಪ ಆದೀತು ಅಂತ ಬರದೆ. ಪತ್ರದ ಜೋಡಿ ಶೇಂಗಾ ಹೋಳಿಗಿ ಗಂಟ ಕಟ್ಟಿ ಕಳಿಸಿದ್ದೆ. ನೀ ಹೋಳಿಗಿ ತಿಂದಿ, ಪತ್ರ ತಿದ್ದಿ ಹೊಳ್ಳಿ ಕಳಿಸಿದಿ. ಬೆಕ್ಕಿನ ಮಾತ ಅಷ್ಟೂ ಕೆಂಪ ಗೆರಿ ಹೊಡದಿದ್ದಿ.’

ವರ್ಷವರ್ಷ ನಾನು ತರಗತಿಯಲ್ಲಿ ಹೇಳಿ ನಗಿಸಿದ ಕಥೆಯಲ್ಲಿ ಬೆಕ್ಕು ಇರಲಿಲ್ಲ. ‘ಬೇಡದ ಒಂದು ಸಾಲು’ ಎಂದಷ್ಟೇ ಇತ್ತು. ಆ ಸಾಲು ಏನೆಂಬುದು ಮರೆತೇಹೋಗಿತ್ತು ನನಗೆ.

‘ಆ ಪತ್ರ ಐತೇನು?’

‘ಒಲಿಗೆ ಹಾಕಿದೆ. ಮುಂದ ನಿನಗ ಬರೀಲಿಲ್ಲ. ಏನ ಇದ್ರೂ ಬಂದವ್ರ ಕಡೆ ಬಾಯಿಲೆ ಹೇಳಿ ಕಳಸ್ತಿದ್ದೆ.’

ಹೌದು. ಅದಾದ ಮೇಲೆ ನನಗೆ ಅಕ್ಕನ ಪತ್ರ ಒಂದೂ ಬಂದಿಲ್ಲ. ಬಂದಿಲ್ಲ ಎಂಬುದೇ ಅಲ್ಲಿಯವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಊರಿಗೆಲ್ಲ ಬರೆದುಕೊಡುವವಳು ತಮ್ಮನೊಬ್ಬನಿಗೆ ಬರೆಯುವುದನ್ನು ಬಿಟ್ಟಿದ್ದಳು. ‘ತಪ್ಪಾತಕ್ಕಾ’ ಎಂದೆ. ‘ಇರಲಿ ಬಿಡು, ಹುಡುಗ ಬುದ್ಧಿ. ಊಟಾ ಮಾಡಿ ಹೋಗು’ ಎಂದು ಎದ್ದು ಒಳಗೆ ಹೋದಳು. ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಸೋಮವಾರದಿಂದ ಹೊಸ ಹಾಳೆ. ಸಲೀಸಾಗಿ ಆಯಿತೆಂದು ತಿಳಿಯಬೇಡಿ. ಖೂನ ಎಂಬ ಚೀಟಿಯನ್ನು ಮೊದಲು ‘ವಿವರ’ದ ಕೆಳಗೆ ಉದಾಹರಣೆಯಾಗಿ ಇಟ್ಟೆ. ಅಮ್ಮಿನಬಾವಿಯ ಗೆಳೆಯರಲ್ಲಿ ಕ್ಷಮೆ ಕೇಳಿ, ಅಕ್ಕನ ಕಡೆಯಿಂದ ತಂದ ಶೇಂಗಾ ಮುಂದಿಟ್ಟು ಅವರನ್ನೂ ಮಗ್ಗುಲಿಗೆ ಕೂಡಿಸಿಕೊಂಡಿದ್ದೆ. ಅವರು ಒಪ್ಪಲಿಲ್ಲ. ‘ವಿವರ ನಿನ್ನ ರಿಜಿಸ್ಟರಿನಾಗೂ ಅದಾವು. ಸೇವಾ ಮಾಡಿದ ವರ್ಷ, ತಗೊಂಡ ಪ್ರಶಸ್ತಿ ಎಲ್ಲಾ ಬರದೀ. ಖೂನ ಎಲ್ಲೈತಿ?’ ಎಂದರು. ಸರಿ, ತೆಗೆದು ನೆತ್ತಿಯ ಮೇಲೆ ಇಟ್ಟೆ. ‘ಬರವಣಿಗೆಗೆ ಖೂನ ಬೇಕು’ ಎಂದು ಬರೆದೆ. ಮತ್ತೆ ಅದೇ ಬೇಕು! ಮೇಡಂ ರಬ್ಬರು ಮುಂದೆ ಮಾಡಿದರು. ‘ಖೂನ ಏನು ಮಾಡ್ತದ ಅಂತ ಬರೀರಿ ಸರ್. ಬೇಕು ಅಂದ್ರ ಅದು ಬರೇ ಹುಕುಂ ಆತು.’

ಎರಡು ದಿನ ಅದೊಂದರ ಮೇಲೆಯೇ ಕುಳಿತೆ. ಗಾದೆ ಹೋಯಿತು, ಅಲಂಕಾರ ಹೋಯಿತು, ಪ್ರತಿಭೆಯನ್ನು ನಾನೇ ಹರಿದು ಒಗೆದೆ. ಇಪ್ಪತ್ತೊಂದು ಚೀಟಿಗಳಲ್ಲಿ ಬರವಣಿಗೆ, ಓದುಗ, ಕೆಂಪು ಶಾಯಿ ಮೂರೇ ಉಳಿದವು; ಖೂನದ ಜೊತೆಗೆ ‘ಕೇಳುವುದು’, ‘ಮನುಷ್ಯ’ ಎಂಬ ಎರಡು ಹೊಸವು ಬಂದವು. ಆದರೆ ಕೆಂಪು ಶಾಯಿ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ತೆಗೆದುಬಿಟ್ಟರೆ ನಕ್ಷೆ ಸ್ವಚ್ಛವಾಗಿ ಕಾಣುತ್ತಿತ್ತು, ಯಾರೂ ಕೇಳುತ್ತಲೂ ಇರಲಿಲ್ಲ. ಇಟ್ಟರೆ ಅದಕ್ಕೆ ಸಾಕ್ಷಿ ಹೇಳಬೇಕು, ಇಪ್ಪತ್ತು ಜನರ ಮುಂದೆ, ನಾನು ನಗಿಸಿದ ಅದೇ ಜನರ ಮುಂದೆ. ಒಂಬತ್ತನೆಯ ದಿನ ಊಟದ ಬಿಡುವಿನಲ್ಲಿ ಚೀಟಿಯನ್ನು ಎರಡು ಸಲ ಕಿಸೆಗೆ ಹಾಕಿಕೊಂಡು ಎರಡು ಸಲ ಹೊರತೆಗೆದೆ. ಬೇರೆಯವರ ಪತ್ರದ ಖೂನ ಹೊಡೆದುಹಾಕಿದ್ದಾಯಿತು, ಈಗ ನನ್ನ ನಕ್ಷೆಯ ಖೂನವನ್ನೂ ಹೊಡೆದುಹಾಕುತ್ತೇನೇನು ಎನ್ನಿಸಿತು. ಅಡ್ಡಬಾಣ ಎಳೆದು ಖೂನಕ್ಕೆ ಜೋಡಿಸಿ, ಗೋಂದು ಹಚ್ಚಿಬಿಟ್ಟೆ.

ಕೊನೆಯ ದಿನ ಎಲ್ಲರೂ ತಮ್ಮ ಸಿದ್ಧಾಂತ ಓದಬೇಕಿತ್ತು. ನನ್ನದು ನಾಲ್ಕೇ ವಾಕ್ಯ. ಕೇಳುವುದು ಖೂನವನ್ನು ಹೊರಗೆ ತರುತ್ತದೆ. ಖೂನ ಮನುಷ್ಯನನ್ನು ಬರಹದೊಳಗೆ ಕರೆತರುತ್ತದೆ. ಓದುಗ ಖೂನದಿಂದಲೇ ಮನುಷ್ಯನನ್ನು ಗುರುತಿಸುತ್ತಾನೆ. ಕೆಂಪು ಶಾಯಿ ಎಲ್ಲಕ್ಕಿಂತ ಮೊದಲು ಖೂನವನ್ನೇ ಹೊಡೆಯುತ್ತದೆ. ನಾಲ್ಕನೆಯದಕ್ಕೆ ಸಾಕ್ಷಿಯಾಗಿ ಎರಡನೆಯ ದಿನದ ಕಥೆಯನ್ನೇ ಮತ್ತೆ ಹೇಳಿದೆ, ಈ ಸಲ ಬೆಕ್ಕನ್ನು ಸೇರಿಸಿ. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಶಿಕ್ಷಕಿ ಕಿಸೆಯಂಥ ತಮ್ಮ ಪುಟ್ಟ ಚೀಲದಿಂದ ಕೆಂಪು ಪೆನ್ನು ತೆಗೆದು ನೋಡಿ ಮತ್ತೆ ಒಳಗೆ ಹಾಕಿಕೊಂಡರು.

ಇಷ್ಟಕ್ಕೆ ಮುಗಿಯಿತೆಂದರೆ ಅದು ಬರೀ ಹಾಳೆಯ ಮೇಲಿನ ಸಿದ್ಧಾಂತ. ಅಕ್ಕನಿಗೆ ನಾನು ಒಂದು ಪತ್ರ ಬರೆಯಬೇಕಿತ್ತು. ಮುಂದಿನ ವಾರ ಕುಳಿತೆ. ‘ಪೂಜ್ಯ ಅಕ್ಕನ ಚರಣಾರವಿಂದಗಳಿಗೆ’ ಎಂದು ಕೈ ತಾನಾಗಿ ಬರೆಯಿತು, ಥತ್ ಎಂದು ಹರಿದೆ. ಎರಡನೆಯ ಸಲ ‘ತಾಯಿಯ ಸ್ಥಾನ ತುಂಬಿದ ತ್ಯಾಗಮಯಿ’ ಬಂದಳು. ಹೊಡೆದುಹಾಕಿದರೂ ಇನ್ನೊಂದು ಕಡೆಯಿಂದ ನುಸುಳಿದಳು. ಮೂರು ಮಧ್ಯಾಹ್ನ ಒದ್ದಾಡಿ ಎರಡು ಹಾಳೆಯ ಪತ್ರ ಮಾಡಿದೆ. ಅದರ ನಡುವೆ ಎಲ್ಲೋ ಒಂದು ಕಡೆ, ಇದುವರೆಗೆ ಹೆಂಡತಿಗೂ ಹೇಳದ ಒಂದು ಸಣ್ಣ ಮಾತು ಬರೆದಿದ್ದೆ. ಬರೆದು ನಾಚಿಕೆಯಾಗಿ ತೆಗೆಯಬೇಕೆಂದುಕೊಂಡೆ. ಹಾಗೇ ಬಿಟ್ಟು ಅಂಚೆಗೆ ಹಾಕಿದೆ.

ಉತ್ತರದ ಆಸೆ ಇಟ್ಟುಕೊಂಡಿರಲಿಲ್ಲ. ಹತ್ತು-ಹನ್ನೆರಡು ದಿನ ಕಳೆದ ಮೇಲೆ ಸಾಲಿಯ ವಿಳಾಸಕ್ಕೆ ಒಂದು ಲಕೋಟೆ ಬಂತು. ಮೇಲಿನ ಅಕ್ಷರ ನೋಡಿ ಸ್ಟಾಫ್ ರೂಮಿನಲ್ಲಿ ನಿಂತಲ್ಲೇ ಕುಳಿತುಕೊಂಡೆ. ಒಡೆದರೆ, ನನ್ನವೇ ಎರಡು ಹಾಳೆಗಳು. ಅಯ್ಯಯ್ಯ! ಮೇಲಿಂದ ಕೆಳಗಿನವರೆಗೆ ಕೆಂಪು ಗೆರೆ. ಮೊಮ್ಮಗಳ ಪೆನ್ನಿರಬೇಕು. ಸಾಲು ಬಿಡದೆ ಹೊಡೆದಿದ್ದಳು. ಮೊದಲ ಹಾಳೆ ಪೂರ್ತಿ ಹೋಗಿತ್ತು. ಎರಡನೆಯ ಹಾಳೆಯಲ್ಲಿ ಒಂದೇ ಒಂದು ವಾಕ್ಯ ಉಳಿದಿತ್ತು.

‘ನಿನ್ನ ಪತ್ರ ತಿದ್ದಿದ ದಿನ ನಿನ್ನ ಶೇಂಗಾ ಹೋಳಿಗೆಯನ್ನು ಯಾರಿಗೂ ಒಂದು ತುಣುಕು ಕೊಡದೆ, ಟ್ರಂಕಿನ ಮರೆಯಲ್ಲಿ ಕುಳಿತು, ಅಳುತ್ತ ತಿಂದೆ.’

ಅಂಚಿನಲ್ಲಿ, ನಾನು ಅಂದು ‘ಅನವಶ್ಯಕ’ ಎಂದು ಬರೆದಿದ್ದಂಥದೇ ಜಾಗದಲ್ಲಿ, ಅಕ್ಕನ ದುಂಡನೆಯ ಅಕ್ಷರ ಇತ್ತು. ‘ಇದು ನೀ ಬರದದ್ದು. ಗುರ್ತ ಹತ್ತಿತು.’

ಅದರ ಕೆಳಗೆ ನೀಲಿ ಶಾಯಿಯಲ್ಲಿ ಇನ್ನೆರಡು ಸಾಲು ಇದ್ದವು. ಚಾಳೀಸು ಒರೆಸಿಕೊಂಡು ಓದಿದೆ.

‘ನಮ್ಮನ್ಯಾಗ ಈಗೊಂದು ಕರೇ ಬೆಕ್ಕ ಐತಿ. ನಿನ್ನಿ ಜ್ವಾಳದ ಚೀಲದ ಹಿಂದ ನಾಕ ಮರಿ ಹಾಕೇತಿ.’